ಅಂಪೊನ್ಸಾ ಅವರ ಒಣ ಬಚ್ಚಲು

ಮನುಷ್ಯ ಅಂದ ಮೇಲೆ ಅವನಿಗೊಬ್ಬ ಹಗೆ ಇರಬೇಕು, ಇಲ್ಲದಿದ್ದರೆ ಬೆಳಗ್ಗೆ ಹಾಸಿಗೆ ಬಿಟ್ಟು ಏಳುವುದಕ್ಕೆ ಮನಸ್ಸೇ ಬರುವುದಿಲ್ಲ. ಕುಮಾಸಿಯ ಟಾಫೊ ಬಡಾವಣೆಯ ಅಂಪೊನ್ಸಾ ಅವರಿಗೆ ಇದ್ದ ಹಗೆಯ ಹೆಸರು ತೇವ. ಮೂವತ್ತೊಂದು ವರ್ಷ ಅವರು ಕೋಕೋ ಗೋದಾಮಿನಲ್ಲಿ ತೂಕದ ಗುಮಾಸ್ತರಾಗಿದ್ದರು. ರೈತ ಮೂಟೆ ಇಳಿಸಿದ ಕೂಡಲೇ ಮೊಣಕೈವರೆಗೆ ಕೈ ತೂರಿಸಿ, ಅಡಿಯಿಂದ ಒಂದು ಹಿಡಿ ಬೀಜ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸುವರು. ಗಲಗಲ ಅಂದರೆ ಮೂಟೆ ಒಳಕ್ಕೆ. ಅನ್ನದಿದ್ದರೆ, "ತಗೊಂಡ್ಹೋಗಯ್ಯ, ಇನ್ನೂ ಮೂರು ದಿನ ಬಿಸಿಲಿಗೆ ಹರವು." ನಿವೃತ್ತಿಯಾದ ಮೇಲೂ ಈ ಚಾಳಿ ಹೋಗಲಿಲ್ಲ. ಹೆಂಡತಿ ಸೆರ್ವಾ ಮಡಿಸಿಟ್ಟ ಬಟ್ಟೆಯನ್ನು ಕೆನ್ನೆಗೊತ್ತಿ ನೋಡುವರು, ಉಪ್ಪಿನ ಡಬ್ಬ ಅಲ್ಲಾಡಿಸಿ ಕೇಳುವರು. ಒದ್ದೆಯಾದದ್ದು ಕೆಡುತ್ತದೆ, ಒಣಗಿದ್ದು ಉಳಿಯುತ್ತದೆ ಎನ್ನುವುದು ಅವರ ಪಾಲಿಗೆ ವೇದವಾಕ್ಯ.

ಇಂಥವರು ಮನೆಯಲ್ಲಿ ಹೊಸದಾಗಿ ಒಂದು ಬಚ್ಚಲು ಕಟ್ಟಿಸಿದರು ಎಂದರೆ ಅದಕ್ಕೆ ಕಾರಣ ಇರಲೇಬೇಕು. ಕಾರಣ ಮಗಳು ಪೊಕುವಾ. ಅವಳಿಗೆ ಇಪ್ಪತ್ತೊಂಬತ್ತು. ಔಷಧದಂಗಡಿ ಇಟ್ಟಿದ್ದ ಬಫೂರ್ ಎಂಬ ಹುಡುಗನನ್ನು ಮೆಚ್ಚಿಕೊಂಡು, "ಮದುವೆ ಅಂತ ಆದ್ರೆ ಇವನನ್ನೇ. ಇಲ್ಲಾಂದ್ರೆ ನನ್ನನ್ನ ಬಿಟ್ಬಿಡಿ" ಎಂದು ತಾಯಿಗೆ ಸ್ಪಷ್ಟವಾಗಿ ಹೇಳಿದ್ದಳು. ಹುಡುಗನ ಮನೆಯವರು ಜನವರಿಯ ಕೊನೆಯ ಶನಿವಾರ, ಹೆಣ್ಣು ಕೇಳುವ ಮೊದಲ ಹೆಜ್ಜೆಯಾದ ಬಾಗಿಲು ಬಡಿಯುವ ಶಾಸ್ತ್ರಕ್ಕೆ ಬರುವುದೆಂದು ಮಾತಾಯಿತು. ಶಾಸ್ತ್ರದ ದಿನ ಹೇಗೂ ಕಳೆಯುತ್ತದೆ. ಹೆದರಬೇಕಾದದ್ದು ಅದಕ್ಕೆ ಮುಂಚಿನ ದಿನಗಳಿಗೆ. ಏಕೆಂದರೆ ಗಂಡಿನ ಕಡೆಯವರು ಬಾಗಿಲು ಬಡಿಯುವ ಮೊದಲು ಯಾರನ್ನಾದರೂ ಸದ್ದಿಲ್ಲದೆ ಕಳಿಸಿ ಹೆಣ್ಣಿನ ಮನೆಯ ಪೂರ್ವೋತ್ತರವನ್ನೆಲ್ಲ ಕೆದಕಿಸುತ್ತಾರೆ. ಹುಚ್ಚರಿದ್ದಾರಾ, ಕಳ್ಳರಿದ್ದಾರಾ, ಹೇಳಿಕೊಳ್ಳಲಾಗದ ಕಾಯಿಲೆ ಇದೆಯಾ ಎಂದು. ಬಂದವರು ತಾವು ಯಾರೆಂದು ಬಾಯಿ ಬಿಡುವುದಿಲ್ಲ.

ಬಂದ ಬೀಗರು ಹಿತ್ತಲಿನ ಹಳೇ ಬಚ್ಚಲಿಗೆ ಹೋಗುವುದೇ? ಅಂಪೊನ್ಸಾ ನಡುಮನೆಗೆ ಹೊಂದಿಕೊಂಡಂತೆ ಒಂದು ಬಚ್ಚಲು ಕಟ್ಟಿಸಿದರು. ನೆಲಕ್ಕೂ ಗೋಡೆಗೂ ಹಾಲಿನಂಥ ಬಿಳಿ ಟೈಲ್ಸ್, ಎರಡು ನಲ್ಲಿ, ಒಂದು ಬೇಸಿನ್, ಮೂಲೆಯಲ್ಲಿ ನೀರು ಹೋಗುವ ತೂತಿಗೆ ಹೊಳೆಯುವ ಜಾಲರಿ. ಕೆಲಸ ಮುಗಿದ ದಿನವೇ ಬೀಗ ಬಿತ್ತು. ಬೀಗದ ಕೈ ಅವರ ಸೊಂಟದ ದಾರಕ್ಕೆ ಬಂತು. "ಬೀಗರು ಬಂದು ಹೋಗೋವರೆಗೂ ಒಳಗೆ ಒಂದು ಹನಿ ನೀರು ಬೀಳಕೂಡದು" ಎಂದು ಆಜ್ಞೆಯಾಯಿತು.

ದಿನಾ ಬೆಳಗ್ಗೆ ಅವರೊಬ್ಬರೇ ಒಳಗೆ ಹೋಗಿ ಒಣಬಟ್ಟೆಯಲ್ಲಿ ನೆಲ ಒರೆಸುವರು. ಹೀಗೇ ಒರೆಸುತ್ತಾ ಒಂದು ದಿನ ಜಾಲರಿ ಎತ್ತಿ ಟಾರ್ಚ್ ಬಿಟ್ಟರು. ಕೆಳಗೆ, ಪೈಪಿನ ಬಾಗಿನಲ್ಲಿ, ನೀರು ನಿಂತಿತ್ತು! ಹೊಸಾ ಬಚ್ಚಲು, ಯಾರೂ ಬಳಸಿಲ್ಲ, ಆಗಲೇ ನೀರು ಹೋಗದೆ ನಿಂತಿದೆ. ಪ್ಲಂಬರ್ ಕ್ವಾಟಿಯಾ ಪೈಪನ್ನು ನೆಟ್ಟಗೆ ಹಾಕಲು ಬಾರದೆ ಸೊಟ್ಟಗೆ ಹಾಕಿದ್ದಾನೆ ಎಂದು ಅವರು ತೀರ್ಮಾನಿಸಿದರು. ಒಂದು ತಂತಿಗೆ ಚಿಂದಿ ಕಟ್ಟಿ, ಒಳಗೆ ಬಿಟ್ಟು, ಹಿಂಡಿ, ಮತ್ತೆ ಬಿಟ್ಟು, ಅರ್ಧ ಗಂಟೆಯಲ್ಲಿ ಆ ನೀರನ್ನು ಕೊನೆಯ ಹನಿಯವರೆಗೂ ಮೇಲೆ ತಂದರು. ಉಳಿದ ಪಸೆಯನ್ನು ಹರ್ಮಟಾನ್ ನೋಡಿಕೊಂಡಿತು. ಉತ್ತರದ ಮರಳುಗಾಡಿನಿಂದ ಧೂಳು ಹೊತ್ತು ಬರುವ ಈ ಒಣಗಾಳಿಗೆ ಊರಿನವರ ತುಟಿಯೆಲ್ಲ ಒಡೆಯುತ್ತದೆ, ಎಲ್ಲರೂ ಅದನ್ನು ಶಪಿಸುತ್ತಾರೆ. ಅಂಪೊನ್ಸಾ ಒಬ್ಬರೇ ಅದಕ್ಕೆ ಕಿಟಕಿ ತೆರೆದು ಸ್ವಾಗತ ಹೇಳುವವರು.

ಮೂರನೇ ದಿನ ವಾಸನೆ ಶುರುವಾಯಿತು.

ಮೊದಲು ಸೆರ್ವಾ ಮೂಗರಳಿಸಿದಳು. "ಏನೋ ಸತ್ತಿದೆ ಕಣ್ರೀ."

"ಹಲ್ಲಿ ಇರಬೇಕು."

"ಹಲ್ಲಿ ಇಷ್ಟು ನಾರುತ್ತಾ? ಮೊಸಳೆ ಸತ್ತಿರಬೇಕು."

ಮನೆಯವರೆಲ್ಲ ಸೇರಿ ಸೋಫಾ ಸರಿಸಿದರು, ಅಲಮಾರಿ ಎಳೆದರು. ಹೆಣ ಸಿಗಲಿಲ್ಲ. ಮೂಗು ಹಿಡಿದು ಹೋದ ದಾರಿ ಕೊನೆಗೆ ಬೀಗ ಹಾಕಿದ ಬಾಗಿಲಿನ ಮುಂದೆ ನಿಂತಿತು. ಪೊಕುವಾ ಹೇಳಿದಳು, "ಅಪ್ಪ, ಒಂದು ಬಕೆಟ್ ನೀರು ಹಾಕಿ ಚೆನ್ನಾಗಿ ತೊಳೆದು ಬಿಡ್ತೀನಿ, ಬಾಗಿಲು ತೆಗಿ."

"ನೀರಾ? ನೀರು ನಿಂತದ್ದಕ್ಕೇ ಅದು ಕೊಳೆತಿರೋದು. ನಾನು ಬಳಿದು ತೆಗೆಯೋದು ತಡ ಆಯ್ತು, ಅದಕ್ಕೇ ಈ ಗತಿ. ಇನ್ನೂ ಒಣಗಬೇಕು ಅದು."

ಅವರು ಒಳಗೆ ಹೋಗಿ ಇನ್ನೂ ಒಣಗಿಸಿದರು. ತೂತಿನೊಳಗೆ ನುಸಿಗುಳಿಗೆ ಹಾಕಿದರು, ಮಗಳ ಸೆಂಟು ಚಿಮುಕಿಸಿದರು, ಒಣ ಬೂದಿ ಉದುರಿಸಿದರು. ನುಸಿಗುಳಿಗೆ, ಸೆಂಟು, ಮೊದಲಿನ ನಾತ ಮೂರೂ ಸೇರಿ ಒಂದು ಹೊಸ ವಾಸನೆ ಹುಟ್ಟಿತು. ಮನೆಯ ಪಾಯಿಖಾನೆ ಹೋಗಿ ಸೇರುವ ಗುಂಡಿಗೇ ಈ ಬಚ್ಚಲಿನ ಪೈಪೂ ಹೋಗಿ ಸೇರುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು. ಆದರೆ ನೀರು ಹೋಗುವ ದಾರಿಯಲ್ಲೇ ಗಾಳಿ ವಾಪಸ್ಸು ಬರಬಹುದು ಎಂದು ಅವರಿಗೆ ಹೊಳೆಯಲಿಲ್ಲ. ಗೋದಾಮಿನಲ್ಲಿ ಒಳಗೆ ಹೋದ ಮೂಟೆ ಯಾವತ್ತೂ ತಾನಾಗಿ ಹೊರಗೆ ಬಂದದ್ದಿಲ್ಲ.

ಸೋಮವಾರ ಪಕ್ಕದ ಮನೆಯ ಡುಫಿಯೆ ಗೋಡೆಯ ಮೇಲಿಂದ ತಲೆ ಹಾಕಿದಳು. ಜೋಳದ ಹಿಟ್ಟಿನ ಕೆಂಕಿ ಬೇಯಿಸಿ ಮಾರುವ ಹೆಂಗಸು. ಅವಳ ಬಾಯಿಗೆ ಬಿದ್ದ ಸುದ್ದಿ ಕೆಂಕಿಗಿಂತ ಬೇಗ ಖರ್ಚಾಗುತ್ತಿತ್ತು.

"ಅಣ್ಣ, ನಿಮ್ಮನೆ ವಾಸನೆ ನನ್ನ ಕೆಂಕಿಗೆ ಹತ್ತಿದೆ. ಬೆಳಗ್ಗೆ ಒಬ್ಬ ಕೊಂಡುಕೊಂಡೋನು ಮೂಸಿ ನೋಡಿ ವಾಪಸ್ ಇಟ್ಟು ಹೋದ."

"ವಾಸನೆ ನಿನ್ನ ಕಡೆಯಿಂದಾನೇ ಬರ್ತಿರೋದು."

"ಹೌದಾ? ಹಾಗಾದ್ರೆ ಇನ್ನೊಂದು ವಿಷಯ ನಿಮಗೆ ಹೇಳಲ್ಲ ಬಿಡಿ." ಹೇಳದೆ ಇದ್ದರೆ ಅವಳಿಗೆ ಊಟ ಸೇರುತ್ತದೆಯೇ? ಗೋಡೆಯ ಮೇಲೆ ಇನ್ನಷ್ಟು ಬಾಗಿ ಹೇಳಿದಳು, "ಯಾರೋ ಒಬ್ಬರು ನಿಮ್ಮನೆ ವಿಷಯ ಓಣೀಲಿ ಕೇಳ್ಕೊಂಡು ಹೋದ್ರಂತೆ. ಕೈಯಲ್ಲಿ ಪುಸ್ತಕ ಇತ್ತಂತೆ."

ಅಂಪೊನ್ಸಾ ಅವರಿಗೆ ಕುಳಿತ ಕುರ್ಚಿ ಮುಳ್ಳಾಯಿತು. ವಿಚಾರಿಸುವವರು ಬಂದೇಬಿಟ್ಟರು! ಈ ವಾಸನೆ ಅವರ ಮೂಗಿಗೆ ಬಿದ್ದರೆ ಏನಂತಾರೆ? ಆ ಮನೆಯಲ್ಲಿ ಏನನ್ನೋ ಬಚ್ಚಿಟ್ಟಿದ್ದಾರೆ ಅಂತಾರೆ. ಅಲ್ಲಿಗೆ ಪೊಕುವಾ ಕಥೆ ಮುಗಿಯಿತು. ಆ ರಾತ್ರಿ ಅವರು ಮೂರು ಸಲ ಎದ್ದು ಬಾಗಿಲ ಸಂದಿ ಮೂಸಿದರು.

ಮಂಗಳವಾರ ಹನ್ನೊಂದು ಗಂಟೆಗೆ ಇಸ್ತ್ರಿ ಮಾಡಿದ ಲಂಗ ತೊಟ್ಟ ಒಬ್ಬ ಗಂಭೀರ ಹೆಣ್ಣುಮಗಳು ಬಂದಳು. ಕೈಯಲ್ಲಿ ಪುಸ್ತಕ. ಹೆಸರು ಆಂಟ್ವಿವಾ ಎಂದಳು. ಇನ್ನೂ ಏನೋ ಹೇಳಹೊರಟಿದ್ದಳು, ಅಷ್ಟರಲ್ಲಿ ಅಂಪೊನ್ಸಾ, "ಗೊತ್ತು, ಗೊತ್ತು. ಹೇಳೋದೇ ಬೇಡ. ನಮಗೂ ಪದ್ಧತಿ ತಿಳಿದಿದೆ" ಎಂದು ಕಣ್ಣು ಮಿಟುಕಿಸಿ ಕೂರಿಸಿದರು. ಸೆರ್ವಾ ಮೇಕೆ ಸಾರಿಗೆ ಖಾರ ಅರೆಯಲು ಓಡಿದಳು.

"ಮನೇಲಿ ಎಷ್ಟು ಜನ ಇದೀರಿ?"

"ಮೂರು. ಮೂವರೂ ಮರ್ಯಾದಸ್ತರು."

"ಕಾಯಿಲೆ ಏನಾದ್ರೂ?"

"ನಮ್ಮ ವಂಶದಲ್ಲೇ ಇಲ್ಲ. ನಮ್ಮಜ್ಜ ತೊಂಬತ್ತನೇ ವಯಸ್ಸಲ್ಲಿ ಸತ್ತದ್ದು ಪಪಾಯಿ ಮರದಿಂದ ಬಿದ್ದು. ಕಾಯಿಲೆಯಿಂದ ಅಲ್ಲ."

ಅವಳು ಒಂದು ಕ್ಷಣ ಅವರ ಮುಖ ನೋಡಿ ಬರೆದುಕೊಂಡಳು. "ಭೇದಿ?"

"ಯಾರಿಗೂ ಇಲ್ಲ. ನನ್ನ ಹೆಂಡತಿ ಕಡೆಯವರಿಗೂ ಇಲ್ಲ."

"ಇಲಿ, ಜಿರಳೆ?"

ಅಂಪೊನ್ಸಾ ಅವರಿಗೆ ಸ್ವಲ್ಪ ಗಲಿಬಿಲಿಯಾಯಿತು. ಅವರ ಕಾಲದಲ್ಲಿ ಕಳ್ಳರ ವಿಷಯ ಕೇಳುತ್ತಿದ್ದರು. ಈಗ ಇಲಿಗಳವರೆಗೂ ವಿಚಾರಣೆ ಹೋಗಿದೆ. ದೊಡ್ಡ ಮನೆತನ, ಆಳವಾಗಿ ನೋಡುತ್ತಾರೆ ಎಂದುಕೊಂಡು, "ಇಲಿಗಳೂ ನಮ್ಮಲ್ಲಿ ಮಿತವಾಗಿವೆ" ಎಂದರು.

"ಗುಂಡಿ ಯಾವಾಗ ಖಾಲಿ ಮಾಡಿಸಿದ್ರಿ?"

"ಹುಡುಗಿ ಗುಣ ಕೇಳಿ ತಾಯಿ. ಗುಂಡಿ ತಗೊಂಡು ಏನ್ಮಾಡ್ತೀರಿ?"

ಊಟ ಬಂತು. ಮರಗೆಣಸು ಬೇಯಿಸಿ ಕುಟ್ಟಿದ ಫುಫು ಮುದ್ದೆ, ಸಾರಿನ ಮೇಲೆ ತೇಲುವ ಮೇಕೆ ಮಾಂಸ. ಅವಳು ಬೇಡವೆಂದರೂ ಬಿಡಲಿಲ್ಲ. ಕೈ ತೊಳೆಯಲು ಹೊಸ ಬಚ್ಚಲಿನ ಕಡೆ ನೋಡಿದಾಗ ಅಂಪೊನ್ಸಾ ಹಾರಿ ಅಡ್ಡ ನಿಂತು, ಬೋಗುಣಿಯಲ್ಲಿ ನೀರು ತಂದು ಕುಳಿತಲ್ಲೇ ಕೈ ತೊಳೆಸಿದರು. ಆ ನೀರನ್ನು ಅಂಗಳದ ಬಾಳೆಯ ಬುಡಕ್ಕೆ ಚೆಲ್ಲಿ ಬಂದರು.

"ಆ ಕೋಣೇಲೇನಿದೆ?" ಅವಳು ಮೂಗು ಮುಚ್ಚಿಕೊಂಡು ಕೇಳಿದಳು.

"ಏನೂ ಇಲ್ಲ."

"ಏನೂ ಇಲ್ಲದಿದ್ರೆ ಬೀಗ ಯಾಕೆ?"

"ಬೀಗದ ಕೈ ಕಳೆದುಹೋಗಿದೆ" ಎಂದು ಅವರು ಸೊಂಟದ ಮೇಲೆ ಅಂಗೈ ಇಟ್ಟು ಹೇಳಿದರು.

ಆಂಟ್ವಿವಾ ನಿಧಾನವಾಗಿ ಪುಸ್ತಕದಿಂದ ಒಂದು ಹಾಳೆ ಹರಿದಳು. "ನೋಡಿ, ನಾನು ನಗರದ ಆರೋಗ್ಯ ಇಲಾಖೆಯಿಂದ ಬಂದಿರೋದು. ಕೆಂಕಿ ಮಾರೋರ ಕಡೆಯಿಂದ ದೂರು ಬಂದಿದೆ. ಐದು ದಿನ ಕೊಟ್ಟಿದೀನಿ. ಪ್ಲಂಬರ್‌ನ ಕರೆಸಿ ಸರಿ ಮಾಡಿಸಿ. ಊಟ ಚೆನ್ನಾಗಿತ್ತು." ಹೊರಗೆ ಹೋಗುವಾಗ ಆ ಹಾಳೆಯನ್ನು ಗೇಟಿಗೆ ಅಂಟಿಸಿ ಹೋದಳು. ಅದರ ಮೇಲೆ ಕೆಂಪು ದಪ್ಪಕ್ಷರದಲ್ಲಿ 'ದುರ್ವಾಸನೆ' ಎಂದು ಇತ್ತು. ಓಣಿಯ ಆ ತುದಿಯಿಂದಲೂ ಓದಬಹುದಿತ್ತು.

ಸರ್ಕಾರದ ಕಾಗದ ಹರಿಯುವಂತಿಲ್ಲ, ಬಿಡುವಂತಿಲ್ಲ. ನಿಜವಾದ ವಿಚಾರಣೆಯವರು ಇನ್ನೂ ಬರಬೇಕು, ಬಂದರೆ ಮೊದಲು ಓದುವುದೇ ಇದನ್ನು. ಅಂಪೊನ್ಸಾ ಗಾಬರಿಯಲ್ಲಿ ಸುತ್ತ ನೋಡಿದರು. ಊರಿನ ಎಲ್ಲ ಗೋಡೆಗಳ ಹಾಗೆ ಡುಫಿಯೆಯ ಗೋಡೆಯ ಮೇಲೂ ಸತ್ತವರ ದೊಡ್ಡ ದೊಡ್ಡ ಪೋಸ್ಟರುಗಳಿದ್ದವು. ಯಾವುದೋ ಬೇರೆ ಓಣಿಯ, ಎಂದೋ ಸಂಸ್ಕಾರ ಮುಗಿದ ಒಬ್ಬ ಮುದುಕಿಯ ಪೋಸ್ಟರ್ ಅರ್ಧ ಕಿತ್ತು ನೇತಾಡುತ್ತಿತ್ತು. ಅದನ್ನು ಹುಷಾರಾಗಿ ಬಿಡಿಸಿ ತಂದು, ಮರಗೆಣಸಿನ ಗಂಜಿ ಸವರಿ, ಕಾಗದದ ಮೇಲೆ ಅಂಟಿಸಿದರು. ಅಳತೆ ಸರಿಯಾಗಿ ಕೂತಿತು. ಬಹಳ ದಿನಗಳ ಮೇಲೆ ಮನಸ್ಸಿಗೆ ಹಾಯೆನಿಸಿ ಮಲಗಿದರು.

ಬುಧವಾರ ಬೆಳಗ್ಗೆ ಗೇಟಿನ ಮುಂದೆ ಸಾವಿನ ಮನೆಗೆ ಉಡುವ ಕಪ್ಪು ಕೆಂಪು ಬಟ್ಟೆ ಸುತ್ತಿಕೊಂಡ ಹನ್ನೆರಡು ಹೆಂಗಸರು ನಿಂತಿದ್ದರು. ಎಲ್ಲರಿಗಿಂತ ಮುಂದೆ ಡುಫಿಯೆ, ಕಣ್ಣಲ್ಲಿ ನೀರು.

"ಅಣ್ಣ, ಒಂದು ಮಾತು ಹೇಳಬಾರದಿತ್ತೆ? ನಾನು ವಾಸನೆ ಅಂತ ಬೈದುಬಿಟ್ಟೆನಲ್ಲ. ತೀರಿಕೊಂಡೋರು ನಿಮಗೆ ಏನಾಗಬೇಕು?"

"ಯಾರು ತೀರಿಕೊಂಡದ್ದು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖದಲ್ಲಿ ಮರೆತಿದ್ದಾರೆ ಪಾಪ ಎಂದಳು ಒಬ್ಬಳು. ಇನ್ನೊಬ್ಬಳು ಮೂಗಿಗೆ ಸೆರಗು ಹಿಡಿದು ಮೆತ್ತಗೆ ಹೇಳಿದಳು, "ಶವಾಗಾರಕ್ಕೆ ಕಳಿಸಿಬಿಡಿ ಅಣ್ಣ. ಮನೇಲಿ ಇಟ್ಕೊಂಡು ಎಷ್ಟು ದಿನ ಅಂತ? ನಮಗೇ ತಡೆಯಕ್ಕಾಗ್ತಿಲ್ಲ, ಆಯಮ್ಮನಿಗೆ ಹೇಗಿರಬೇಡ."

"ಮನೇಲಿ ಯಾರೂ ಸತ್ತಿಲ್ಲ" ಎಂದರು ಅಂಪೊನ್ಸಾ.

"ಹಾಗಾದ್ರೆ ನಾರ್ತಿರೋದು ಯಾರು?"

ಇದಕ್ಕೆ ಉತ್ತರ ಕೊಡಬೇಕಾದರೆ ಬಚ್ಚಲಿನ ವಿಷಯ ಹೇಳಬೇಕು. ಹೇಳಲಾರದೆ ಅವರು ಬಾಯಿ ತೆರೆದು ಮುಚ್ಚಿದರು. ಅದನ್ನು ಬಿಕ್ಕು ಎಂದು ತಿಳಿದು ಹನ್ನೆರಡು ಜನರೂ ದನಿ ತೆಗೆದು ಅತ್ತರು. ಸೆರ್ವಾ ಒಳಗಿಂದ ಒನಕೆ ಹಿಡಿದು ಬಂದ ಮೇಲೆಯೇ ಗುಂಪು ಕರಗಿದ್ದು. ಅವಳು ಪೋಸ್ಟರ್ ಕೀಳುವಾಗ ಅದರ ಜೊತೆ ಕೆಂಪಕ್ಷರದ ಕಾಗದವೂ ಕಿತ್ತು ಬಂತು.

"ಸರ್ಕಾರದ ಕಾಗದ" ಎಂದು ಅಂಪೊನ್ಸಾ ಬಡಬಡಿಸಿದರು.

"ಸರ್ಕಾರ ಬಂದು ನನ್ನ ಕೇಳಲಿ. ಈಗ ಪ್ಲಂಬರ್‌ಗೆ ಫೋನ್ ಮಾಡ್ತೀರೋ, ಇಲ್ಲ ಶನಿವಾರ ಬೀಗರನ್ನ ಆ ಮುದುಕಿ ಪೋಸ್ಟರ್ ಹಿಡ್ಕೊಂಡು ಎದುರುಗೊಳ್ತೀರೋ?"

ಪೊಕುವಾ ಹೊಸ್ತಿಲ ಮೇಲೆ ಕುಳಿತು ಉಗುರು ಕಚ್ಚುತ್ತಿದ್ದಳು. ಚಿಕ್ಕಂದಿನಲ್ಲಿ ಪರೀಕ್ಷೆಯ ಹಿಂದಿನ ದಿನ ಮಾತ್ರ ಅವಳು ಉಗುರು ಕಚ್ಚುತ್ತಿದ್ದದ್ದು. ಅದನ್ನು ನೋಡಿ ಅಂಪೊನ್ಸಾ ಕ್ವಾಟಿಯಾಗೆ ಫೋನ್ ಮಾಡಿದರು. ತಾನು ಬೇರೆ ಕೆಲಸದಲ್ಲಿದ್ದೇನೆ, ತನಗಿಂತ ಹಳಬರೊಬ್ಬರನ್ನು ನಾಳೆ ಕಳಿಸುತ್ತೇನೆ ಎಂದ ಅವನು.

ಗುರುವಾರ ಮಧ್ಯಾಹ್ನ ಗೇಟಿನ ಹತ್ತಿರ ಒಬ್ಬ ಮುದುಕ ನಿಂತಿದ್ದ. ಸವೆದ ಖಾಕಿ ಚಡ್ಡಿ, ಮಣ್ಣು ಮೆತ್ತಿದ ರಬ್ಬರ್ ಬೂಟು, ಹೆಗಲಿಗೆ ಗೋಣಿಚೀಲ.

"ಅಂಪೊನ್ಸಾ ಅವರ ಮನೆ ಇದೇನಾ?"

"ಇದೇ. ಎಷ್ಟೊತ್ತಿಗೆ ಬರೋದು? ಬೆಳಗ್ಗೆಯಿಂದ ಕಾಯ್ತಾ ಇದೀನಿ. ಬೂಟು ಅಲ್ಲೇ ಬಿಡಿ. ಕಾಲು ಒರೆಸ್ಕೊಳ್ಳಿ, ತೊಳೀಬೇಡಿ."

ಮುದುಕ ಏನೋ ಹೇಳಲು ಹೋಗಿ, ಅವರ ಅವಸರ ನೋಡಿ ಬೂಟು ಕಳಚಿದ. ಅಂಪೊನ್ಸಾ ಬೀಗ ತೆಗೆದು ಅವನನ್ನು ಒಳಗೆ ನೂಕಿ, ತಾವು ಬಾಗಿಲಲ್ಲಿ ಟಾರ್ಚ್ ಹಿಡಿದು ನಿಂತರು. "ಮಂಡಿ ಊರಿ ನೋಡಿ. ಆ ತೂತಿಂದಾನೇ ಬರೋದು."

ಮುದುಕ ಮಂಡಿ ಊರಿದ. ಜಾಲರಿ ಎತ್ತಿ ಬಗ್ಗಿ ನೋಡಿದ. ತಕ್ಷಣ ತಲೆ ಹಿಂದಕ್ಕೆ ತಗೊಂಡ.

"ಇವರೆ, ನಿಮಗೆ ಹೇಳೋದಕ್ಕೇನು, ನೀವು ಹೊರಗಿನವರು" ಎಂದು ಅಂಪೊನ್ಸಾ ಅವರ ಮನಸ್ಸಿನ ಕಟ್ಟೆ ಒಡೆಯಿತು. "ನನ್ನ ಮಗಳ ಜೀವನ ಈ ತೂತಲ್ಲಿದೆ. ಶನಿವಾರ ಗಂಡಿನ ಕಡೆಯವರು ಬರ್ತಾರೆ. ವಿಚಾರಿಸೋಕೆ ಬೇರೆ ಯಾರೋ ಬರೋರಿದ್ದಾರೆ. ನಮ್ಮಲ್ಲಿ ಹುಳುಕು ಇಲ್ವಾ ಅಂದ್ರೆ ಇದೆ. ನನ್ನ ತಮ್ಮ ಇನ್ನೊಬ್ಬನ ಹೆಂಡತಿ ಕರ್ಕೊಂಡು ಅಬಿಜಾನ್‌ಗೆ ಓಡಿಹೋದ. ನನ್ನ ಹೆಂಡತಿ ಚಿಕ್ಕಮ್ಮ ಮೇಕೆಗಳ ಜೊತೆ ಮಾತಾಡ್ತಾಳೆ, ಅದೂ ಬರೀ ಬೈಗುಳ. ಮಗಳಿಗೆ ಫುಫು ಕುಟ್ಟೋಕೆ ಬರಲ್ಲ, ಗಂಟುಗಂಟು ಮಾಡ್ತಾಳೆ. ಕೋಪ ನನ್ನ ಹೆಂಡತೀದೇ. ಆದ್ರೆ ಸುಳ್ಳು ಹೇಳಲ್ಲ ನನ್ನ ಮಗಳು. ನನಗೆ ಜ್ವರ ಬಂದಾಗ ಹನ್ನೊಂದು ದಿನ ರಾತ್ರಿ ಮಲಗಲಿಲ್ಲ ಅವಳು. ಇದನ್ನೆಲ್ಲ ಮೂಗಿಗೆ ಹೇಗೆ ಹೇಳೋದು? ಅವರ ಮೂಗಿಗೆ ವಾಸನೆ ಬಡಿದ್ರೆ ಕಿವಿ ಮುಚ್ಚಿಹೋಗುತ್ತೆ."

"ಹುಡುಗನ ಕಡೆಯವರು ಹೇಗೆ?" ಮುದುಕ ತೂತಿನೊಳಗೆ ನೋಡುತ್ತಲೇ ಕೇಳಿದ.

"ಹುಡುಗ ಚಿನ್ನ. ಅವನ ಸೋದರಮಾವ ಒಬ್ಬ ಇದಾನಂತೆ, ಕೋಕೋ ತೋಟದ ಮುದುಕ. ಅವನು ಹೂಂ ಅಂದ್ರೇ ಎಲ್ಲ. ಆ ಊರಿನ ಕೋಕೋ ನಾನು ನೋಡಿಲ್ವೆ? ಮೂಟೆ ಮೇಲೆ ಗಲಗಲ, ಅಡಿಯಲ್ಲೆಲ್ಲ ಒದ್ದೆ. ಕೋಕೋ ಹಾಗಿದ್ರೆ ಬೆಳೆದೋರು ಹೇಗಿರ್ತಾರೆ ನೀವೇ ಹೇಳಿ."

"ಹೌದೌದು" ಎಂದ ಮುದುಕ. ತೂತಿನಿಂದ ತಲೆ ಎತ್ತಿ, "ಒಂದು ಚೆಂಬು ನೀರು ಕೊಡ್ತೀರಾ?"

"ಕುಡಿಯೋಕಾ?"

"ಅಲ್ಲ, ಇದರೊಳಗೆ ಹುಯ್ಯೋಕೆ. ಬಾಗಿನಲ್ಲಿ ನೀರಿಲ್ಲ, ಒಣಗಿದೆ. ತೋಟದಲ್ಲಿ ಎರಡು ತಿಂಗಳಿದ್ದು ಬಂದ್ರೆ ನಮ್ಮನೇಲೂ ಹೀಗೇ ಆಗುತ್ತೆ. ನೀರು ನಿಂತ್ರೆ ಸರಿಹೋಗುತ್ತೆ."

ಅಂಪೊನ್ಸಾ ಟಾರ್ಚ್ ಆರಿಸಿದರು. ಸಲಕರಣೆ ಇಲ್ಲ, ಪೈಪಿಲ್ಲ, ಬಂದವನು ನೀರು ಹುಯ್ಯಿ ಅಂತಾನೆ! "ನಿಂತ ನೀರನ್ನ ಅರ್ಧ ಗಂಟೆ ಬಳಿದು ತೆಗೆದೋನು ನಾನು. ನೀವು ಮತ್ತೆ ತುಂಬಿಸೋಕೆ ಬಂದಿದೀರಾ? ಸಾಕು, ಹೊರಡಿ. ಒದ್ದೆ ಕೆಲಸ ನನ್ನ ಹತ್ರ ನಡೆಯಲ್ಲ."

ಮುದುಕ ಮಂಡಿಯ ಬೂದಿ ಒರೆಸಿಕೊಂಡು, ಬೂಟು ಹಾಕಿಕೊಂಡು, ಗೋಣಿಚೀಲದಿಂದ ಒಂದು ಗೊನೆ ಬಾಳೆಕಾಯಿ ತೆಗೆದು ಕಟ್ಟೆಯ ಮೇಲಿಟ್ಟು ಹೋದ. ಕೆಲಸ ಮಾಡದೆ ಬಾಳೆಕಾಯಿ ಕೊಟ್ಟು ಹೋಗುವ ಪ್ಲಂಬರನ್ನು ಅಂಪೊನ್ಸಾ ಅದೇ ಮೊದಲು ನೋಡಿದ್ದು. ಕ್ವಾಟಿಯಾ ಕಳಿಸಿದ ಹಳಬರು ಆ ದಿನವೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಆದರೆ ಬಂದು ಹೋದರೆಂದು ನಂಬಿದ ಮೇಲೆ ಬರಲಿಲ್ಲವೆಂದು ಗೊತ್ತಾಗುವುದು ಹೇಗೆ?

ಶನಿವಾರ ಬೆಳಗ್ಗೆ ನಡುಮನೆಯಲ್ಲಿ ಎರಡು ಸಾಲು ಕುರ್ಚಿ. ಹೆಣ್ಣಿನ ಕಡೆ ಮಾತಾಡುವ ಹಕ್ಕು ಅವಳ ಸೋದರಮಾವನದು, ಹಾಗಾಗಿ ಸೆರ್ವಾಳ ಅಣ್ಣ ಜಾಂಫಿ ನಡುವಿನ ಕುರ್ಚಿಯಲ್ಲಿ ಕೂತಿದ್ದ. ಬಚ್ಚಲಿನ ಬಾಗಿಲ ಸಂದಿಗೆ ಹಳೇ ಬಟ್ಟೆ ತುರುಕಿತ್ತು. ಅದರ ಮುಂದೆ ಡುಫಿಯೆ ಬೀಸಣಿಗೆ ಹಿಡಿದು ನಿಂತಿದ್ದಳು. ದೂರು ಕೊಟ್ಟವಳೂ ಅವಳೇ, ಬೀಸುವವಳೂ ಅವಳೇ.

ವ್ಯಾನಿನಿಂದ ಏಳು ಜನ ಇಳಿದರು. ಕೆಂಪು ಧೂಳಿನ ದಾರಿ, ಏಳು ಮುಖಗಳೂ ಒಂದೇ ಬಣ್ಣ. ಎಂದಿನಂತೆ ಬಲಗಡೆಯಿಂದ ಶುರುಮಾಡಿ ಅಂಪೊನ್ಸಾ ಒಬ್ಬೊಬ್ಬರ ಕೈ ಕುಲುಕುತ್ತ ಬಂದರು. ಮೊದಲನೆಯವರು, ಎರಡನೆಯವರು, ಮೂರನೆಯವರು. ನಾಲ್ಕನೆಯವರು ಭುಜದ ಮೇಲೆ ದೊಡ್ಡ ಬಟ್ಟೆ ಹೊದ್ದ ಹಿರಿಯರು. ಹಸ್ತ ಒರಟಾಗಿತ್ತು. ಅಂಪೊನ್ಸಾ ತಲೆ ಎತ್ತಿದರು.

"ಕಾಲು ಒರೆಸ್ಕೊಂಡಿದೀನಿ" ಎಂದರು ಹಿರಿಯರು ಮೆಲ್ಲಗೆ.

"ಇವರು ನಮ್ಮ ಹುಡುಗನ ಸೋದರಮಾವ, ಮನೆತನದ ಹಿರಿಯರು, ಓಪಾನಿನ್ ಅಡೋಮಾಕೊ" ಎಂದು ಪಕ್ಕದವರು ಪರಿಚಯ ಹೇಳಿದರು. ಅಂಪೊನ್ಸಾ ಅವರಿಗೆ ಆ ಹೆಸರು ಬಹಳ ದೂರದಿಂದ ಕೇಳಿಸಿತು. ಅಬಿಜಾನ್, ಮೇಕೆಯ ಚಿಕ್ಕಮ್ಮ, ಗಂಟುಗಂಟು ಫುಫು, ಅಡಿಯಲ್ಲಿ ಒದ್ದೆ ಕೋಕೋ, ಎಲ್ಲ ಒಟ್ಟಿಗೆ ನೆನಪಾಯಿತು. ಉಳಿದ ಮೂರು ಕೈಗಳನ್ನು ಅವರು ಹೇಗೆ ಕುಲುಕಿದರೋ ಅವರಿಗೇ ಗೊತ್ತಿಲ್ಲ.

ಎಲ್ಲರೂ ಕೂತರು. ವಾಸನೆಯೂ ಬಂದು ಕೂತಿತು. ಗಂಡಿನ ಕಡೆಯ ಒಬ್ಬ ಹೆಂಗಸು ತನ್ನ ಪಾದದ ಅಡಿ ತಿರುಗಿಸಿ ನೋಡಿಕೊಂಡಳು. ಪೊಕುವಾ ತಟ್ಟೆಯಲ್ಲಿ ಏಳು ಲೋಟ ನೀರು ತಂದಳು. ದೂರದಿಂದ ಬಂದವರು ಮೊದಲು ನೀರು ಕುಡಿಯಬೇಕು, ಆಮೇಲೆ ಬಂದ ಕಾರಣ ಕೇಳಬೇಕು. ಕೊಟ್ಟ ನೀರನ್ನು ಬೇಡ ಎಂದರೆ ಮಾತುಕತೆ ಅಲ್ಲಿಗೆ ಮುಗಿದಂತೆ.

ಓಪಾನಿನ್ ಅಡೋಮಾಕೊ ಲೋಟ ತೆಗೆದುಕೊಂಡರು. ಕುಡಿಯಲಿಲ್ಲ. ಲೋಟ ಹಿಡಿದುಕೊಂಡೇ ಎದ್ದು ನಿಂತರು.

"ಬೀಗದ ಕೈ ಕೊಡಿ" ಎಂದರು ಅವರು ಅಂಪೊನ್ಸಾ ಅವರಿಗೆ.

ದಾರದ ಗಂಟು ಬಿಗಿದುಕೊಂಡಿತ್ತು, ಬಿಚ್ಚಲಾಗಲಿಲ್ಲ. ಕೊನೆಗೆ ಸೊಂಟದಲ್ಲಿ ಕಟ್ಟಿದಂತೆಯೇ ಬಾಗಿಲಿಗೆ ಅಂಟಿ ನಿಂತು ಬೀಗ ತೆಗೆಯಬೇಕಾಯಿತು. ಬಾಗಿಲು ತೆರೆದಾಗ ಡುಫಿಯೆ ಬೀಸಣಿಗೆ ಬಿಸಾಕಿ ಅಂಗಳಕ್ಕೆ ಹೋದಳು. ಹಿರಿಯರು ಒಳಗೆ ಹೋಗಿ, ಜಾಲರಿಯ ಮೇಲೆ ಲೋಟವನ್ನು ನಿಧಾನವಾಗಿ ಬಗ್ಗಿಸಿದರು. ಪಿತೃಗಳಿಗೆ ಧಾರೆ ಎರೆಯುತ್ತಿದ್ದಾರೆಂದು ತಿಳಿದು ಜಾಂಫಿ ಎದ್ದು ನಿಂತು ತಲೆ ತಗ್ಗಿಸಿದ. ಅವನನ್ನು ನೋಡಿ ಉಳಿದವರೂ ನಿಂತರು.

"ಇನ್ನೊಂದು" ಎಂದು ಒಳಗಿಂದ ದನಿ ಬಂತು.

ಪಕ್ಕದವರು ತಮ್ಮ ಲೋಟ ಕೊಟ್ಟರು. "ಇನ್ನೊಂದು." ಏಳು ಲೋಟಗಳೂ ಒಂದರ ಹಿಂದೆ ಒಂದು ಕೈಯಿಂದ ಕೈಗೆ ದಾಟಿ ತೂತಿನೊಳಗೆ ಖಾಲಿಯಾದವು. ಗುಳುಗುಳು ಶಬ್ದವಾಯಿತು. ಹಿರಿಯರು ಹೊರಗೆ ಬಂದು ಕಿಟಕಿ ತೆರೆಸಿದರು. "ಈಗ ಕೂತ್ಕೊಳ್ಳೋಣ" ಎಂದರು.

ಕೂತರು. ಹರ್ಮಟಾನ್ ಒಂದು ಕಿಟಕಿಯಿಂದ ಬಂದು ಇನ್ನೊಂದರಿಂದ ಹೋಯಿತು. ಅಂಪೊನ್ಸಾ ಉಸಿರು ಬಿಗಿಹಿಡಿದಿದ್ದರು, ಹೆದರಿಕೆಗೋ ಅಭ್ಯಾಸಕ್ಕೋ. ಐದು ನಿಮಿಷ, ಹತ್ತು ನಿಮಿಷ ಆಯಿತು. ಅಂಗಳದಿಂದ ಡುಫಿಯೆ ತಲೆ ಹಾಕಿ, ಮೂಗರಳಿಸಿ, "ಅರೆ, ನನ್ನ ಕೆಂಕಿ ವಾಸನೆ ಬರ್ತಿದೆಯಲ್ಲ" ಎಂದಳು.

"ಆ ತೂತಿನ ಕೆಳಗೆ ಪೈಪು ಮೊಣಕೈ ಥರ ಬಾಗಿರುತ್ತೆ" ಎಂದರು ಅಡೋಮಾಕೊ, ತೋಳು ಮಡಿಸಿ ತೋರಿಸುತ್ತ. "ನೋಡಿದೋರಿಗೆ ಸೊಟ್ಟ ಅನ್ಸುತ್ತೆ, ಆದ್ರೆ ಬೇಕಂತಲೇ ಹಾಗೆ ಹಾಕ್ತಾರೆ. ಆ ಬಾಗಿನಲ್ಲಿ ಒಂದಿಷ್ಟು ನೀರು ಯಾವಾಗಲೂ ನಿಂತಿರಬೇಕು. ಮೇಲಿಂದ ಬಂದ ನೀರು ಅದನ್ನ ತಳ್ಳಿಕೊಂಡು ಗುಂಡಿಗೆ ಹೋಗುತ್ತೆ. ಗುಂಡಿ ಗಾಳಿಗೆ ಮಾತ್ರ ನೀರು ದಾಟಿ ಮೇಲೆ ಬರೋಕಾಗಲ್ಲ. ನೀವು ಕಾವಲುಗಾರನ್ನ ಬಳಿದು ಆಚೆ ಹಾಕಿ, ಆಮೇಲೆ ಬಾಗಿಲಿಗೆ ಬೀಗ ಹಾಕಿದ್ರಿ. ಕೋಕೋ ಒಣಗಬೇಕು ಸ್ವಾಮ್ಯೋರೆ, ಬಾಗು ನೆನೆದಿರಬೇಕು."

ಅಂಪೊನ್ಸಾ ತಲೆ ತಗ್ಗಿಸಿದರು. ಜಾಂಫಿ ಗಂಟಲು ಸರಿಮಾಡಿಕೊಂಡು ಕೇಳಿದ, "ಹಾಗಾದ್ರೆ... ತಾವು ಬಂದ ಕಾರಣ?"

"ಅದಕ್ಕೇ ಬರ್ತಿದೀನಿ. ಮೂವತ್ತು ವರ್ಷದಿಂದ ನಮ್ಮ ಮನೆತನಕ್ಕೆ ಹೆಣ್ಣಿನ ವಿಚಾರಣೆ ಮಾಡೋನು ನಾನೇ. ಓಣೀಲಿ ಕೇಳಿದ್ರೆ ನೆಂಟರೆಲ್ಲ ಸುಳ್ಳು ಹೇಳ್ತಾರೆ, ಅಕ್ಕಪಕ್ಕದೋರು ಅದಕ್ಕೆ ಎರಡು ಸೇರಿಸ್ತಾರೆ. ಹುಡುಗಿ ತಂದೇನೇ ಟಾರ್ಚ್ ಹಿಡ್ಕೊಂಡು ನಿಂತು ಮನೆ ಹುಳುಕೆಲ್ಲ ಒಂದೂ ಬಿಡದೆ ಹೇಳಿದ್ದು ಇದೇ ಮೊದಲು." ಅವರು ಪೊಕುವಾಳ ಕಡೆ ತಿರುಗಿದರು. "ಹನ್ನೊಂದು ರಾತ್ರಿ ನಿದ್ದೆಗೆಟ್ಟಿದ್ದೂ ಹೇಳಿದ್ರು ಮಗಳೇ. ಇನ್ನು ನಾನು ಏನು ವಿಚಾರಿಸಲಿ? ನಾವು ಬಾಗಿಲು ಬಡಿಯೋಕೆ ಬಂದಿದೀವಿ."

ಪೊಕುವಾ ತಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಸೆರ್ವಾಳ ಕಣ್ಣಲ್ಲಿ ನೀರು ಬಂತು. ಅಂಪೊನ್ಸಾ ಅವರಿಗೆ ಎಷ್ಟೋ ದಿನಗಳ ಮೇಲೆ ಮೊದಲ ಸಲ ಪೂರ್ತಿ ಉಸಿರು ಬಂತು. ಆ ಉಸಿರು ಮುಗಿಯುವ ಮುಂಚೆ ಹಿರಿಯರು ಬೆರಳೆತ್ತಿದರು.

"ಆದ್ರೆ ನಮ್ಮೂರ ಕೋಕೋ ಅಡಿಯಲ್ಲಿ ಒದ್ದೆ ಅಂದಿದ್ದು ದೊಡ್ಡ ಮಾತು. ಅದಕ್ಕೆ ದಂಡ ಕೊಡಬೇಕು."

"ಕೊಡ್ತೀನಿ. ಒಂದು ಕುರಿ" ಎಂದರು ಅಂಪೊನ್ಸಾ ತಟ್ಟನೆ.

"ಕುರಿ ಬೇಡ. ದಾರಿ ಪೂರ್ತಿ ಧೂಳು. ನಾವು ಏಳು ಜನ ಕೈಕಾಲು ಮುಖ ತೊಳ್ಕೋಬೇಕು. ಅಲ್ಲಿ." ಬೆರಳು ಬಿಳಿ ಟೈಲ್ಸಿನ ಕಡೆ ತೋರಿಸಿತು.

ಅಂಪೊನ್ಸಾ ಅವರ ದೃಷ್ಟಿ ಹದಿನಾಲ್ಕು ಕೆಂಪು ಪಾದಗಳ ಮೇಲೆ ಹರಿಯಿತು. "ಎರಡು ಕುರಿ ಕೊಡ್ತೀನಿ" ಎಂದರು ಕ್ಷೀಣವಾಗಿ.

ಪೊಕುವಾ ಹಿತ್ತಲಿಗೆ ಹೋಗಿ ತುಂಬಿದ ಬಕೆಟ್ ಎರಡೂ ಕೈಯಲ್ಲಿ ಹಿಡಿದು ತಂದು ಬಚ್ಚಲಿನ ಬಾಗಿಲಲ್ಲಿ ನಿಂತಳು. ಒಳಗೆ ಹೋಗಲಿಲ್ಲ. ಅಪ್ಪನನ್ನೇ ನೋಡುತ್ತ ನಿಂತಳು. ಕಚ್ಚಿ ಕಚ್ಚಿ ಉಗುರಿನ ತುದಿ ಕೆಂಪಗಾಗಿತ್ತು.

ಅಂಪೊನ್ಸಾ ಎದ್ದರು. ಮಗಳ ಕೈಯಿಂದ ಬಕೆಟ್ ತೆಗೆದುಕೊಂಡು ಒಳಗೆ ಹೋದರು. ಕಣ್ಣು ಮುಚ್ಚಿ, ಇಡೀ ಬಕೆಟ್ಟನ್ನು ಆ ಬಿಳಿ ನೆಲದ ಮೇಲೆ ತಮ್ಮ ಕೈಯಾರೆ ಸುರಿದರು. ಆಮೇಲೆ ಗೋಡೆ ಹಿಡಿದುಕೊಂಡು, ಇನ್ನೊಂದು ಕೈ ಬೀಗರ ಕಡೆ ಚಾಚಿ ಹೇಳಿದರು, "ಬನ್ನಿ. ನೆಲ ಒದ್ದೆ ಇದೆ, ಹುಷಾರು."